ರಸ್ತೆಯ ಮೊದಲ ಹಕ್ಕು ಯಾರಿಗೆ?

ನೀವು ಕಾಲೇಜಿಗೆ ಬಸ್ಸಿನಲ್ಲಿ ಹೋಗುವವರಾದರೆ ಒಂದು ಲೆಕ್ಕ ಹಾಕಿ ನೋಡಿ. ಐವತ್ತು ಜನರನ್ನು ಹೊತ್ತ ಬಸ್ಸು ರಸ್ತೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ? ಅಷ್ಟೇ ಜನ ಒಬ್ಬೊಬ್ಬರಾಗಿ ಕಾರಿನಲ್ಲಿ ಹೊರಟರೆ ಎಷ್ಟು ಜಾಗ ಬೇಕು? ನಗರ ಯೋಜನೆಯ ದೊಡ್ಡದೊಂದು ಪ್ರಶ್ನೆ ಈ ಲೆಕ್ಕದಲ್ಲೇ ಅಡಗಿದೆ. ದಕ್ಷಿಣ ಬ್ರೆಜಿಲಿನ ಕುರಿಟಿಬಾ ನಗರ ಅದಕ್ಕೆ ಕಂಡುಕೊಂಡ ಉತ್ತರವನ್ನು ನೋಡೋಣ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕುರಿಟಿಬಾದ ಜನಸಂಖ್ಯೆ ವೇಗವಾಗಿ ಏರತೊಡಗಿತು. 1966ರಲ್ಲಿ ಆ ನಗರ ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ವಾಸ್ತುಶಿಲ್ಪಿ ಜೈಮೆ ಲರ್ನರ್ 1971ರಲ್ಲಿ ಮೇಯರ್ ಆದ ಮೇಲೆ ಅದು ಕಾರ್ಯರೂಪಕ್ಕೆ ಬಂದಿತು. ನೆಲದಡಿಯ ರೈಲಿಗೆ ಬಹಳ ಹಣ ಬೇಕು. ಆದ್ದರಿಂದ ನಗರವು ಬಸ್ಸನ್ನೇ ಆರಿಸಿಕೊಂಡು, 1974ರಲ್ಲಿ ರಸ್ತೆಯ ನಡುವೆ ಬಸ್ಸಿಗೆಂದೇ ಮೀಸಲಾದ ಪಥವನ್ನು ತೆರೆಯಿತು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳು ಬಂದವು. ಪ್ರಯಾಣಿಕರು ಮೊದಲೇ ಹಣ ಕೊಟ್ಟು ಒಳಗೆ ನಿಲ್ಲುತ್ತಾರೆ. ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಹತ್ತಿ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಆದರೆ ಈ ಯೋಜನೆಯ ಜೀವಾಳ ಬಸ್ಸಲ್ಲ, ನೆಲದ ಬಳಕೆ. ಬಸ್ ಪಥದ ಇಕ್ಕೆಲಗಳಲ್ಲಿ ಎತ್ತರದ ಕಟ್ಟಡಗಳಿಗೆ ಅನುಮತಿ. ದೂರ ಸರಿದಂತೆ ಕಟ್ಟಡಗಳ ಎತ್ತರ ಕಡಿಮೆ. ಹೀಗಾಗಿ ಹೆಚ್ಚು ಜನ ವಾಸಿಸುವಲ್ಲೇ ಬಸ್ಸು ಓಡುತ್ತದೆ, ಬಸ್ಸು ಓಡುವಲ್ಲೇ ನಗರ ಬೆಳೆಯುತ್ತದೆ. ನದಿಗಳು ಉಕ್ಕಿ ಹರಿಯುವ ತಗ್ಗು ಪ್ರದೇಶಗಳಲ್ಲಿ ಕೆರೆಗಳುಳ್ಳ ಉದ್ಯಾನಗಳನ್ನು ಮಾಡಿದರು. ಮಳೆಗಾಲದ ನೀರಿಗೆ ಅಲ್ಲಿ ನಿಲ್ಲಲು ಜಾಗ ಸಿಕ್ಕಿತು. ಜನರಿಗೂ ವಿಹಾರತಾಣ ದೊರೆಯಿತು.

ಹಾಗೆಂದು ಕುರಿಟಿಬಾದಲ್ಲಿ ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಅಲ್ಲಿಯೂ ಕಾರುಗಳು ಹೆಚ್ಚಿವೆ. ಅನೇಕ ಬಡ ಕುಟುಂಬಗಳು ನಗರದ ಅಂಚಿನಲ್ಲೇ, ಒಳ್ಳೆಯ ಸೌಲಭ್ಯಗಳಿಂದ ದೂರ ಉಳಿದಿವೆ.

ಈ ಮಾದರಿ ಬೇರೆ ನಾಡುಗಳಿಗೂ ಹಬ್ಬಿತು. ಕೊಲಂಬಿಯಾದ ಬೊಗೊಟಾ 2000ದಲ್ಲಿ, ನಮ್ಮ ಅಹಮದಾಬಾದ್ 2009ರಲ್ಲಿ ಮೀಸಲು ಪಥದ ಬಸ್ಸುಗಳನ್ನು ಓಡಿಸಿದವು. ಹುಬ್ಬಳ್ಳಿ–ಧಾರವಾಡಗಳ ನಡುವೆ 2018ರಲ್ಲಿ 'ಚಿಗರಿ' ಬಸ್ಸುಗಳು ಸಂಚಾರ ಆರಂಭಿಸಿದವು. ಆದರೆ ಊರಿನಿಂದ ಊರಿಗೆ ಅಗತ್ಯ ಬೇರೆ. ಕುರಿಟಿಬಾದಲ್ಲಿ ಪಥಗಳು ನಗರದ ನಡುವಿನಿಂದ ಹೊರಕ್ಕೆ ಚಾಚಿದರೆ, ಇಲ್ಲಿ ಒಂದೇ ಪಥ ಅವಳಿ ನಗರಗಳನ್ನು ಬೆಸೆಯುತ್ತದೆ. ಪಥವನ್ನಷ್ಟೇ ಅನುಕರಿಸಿದರೆ ಸಾಲದು; ಮನೆ, ಕಚೇರಿ, ಶಾಲೆ, ಕೆರೆ ಎಲ್ಲಿರಬೇಕೆಂಬುದನ್ನೂ ಅದರೊಡನೆಯೇ ತೀರ್ಮಾನಿಸಬೇಕು.

ಬಸ್ಸಿನ ಮಾರ್ಗವನ್ನು ನಾಳೆ ಬದಲಿಸಬಹುದು. ಕೆರೆಯಂಗಳದಲ್ಲಿ ಎದ್ದ ಬಡಾವಣೆಯನ್ನು ತೆಗೆಯುವುದು ಸುಲಭವಲ್ಲ. ನಿಮ್ಮ ಊರು ಬೆಳೆಯುತ್ತಿರುವ ದಿಕ್ಕಿಗೆ ಒಮ್ಮೆ ನಡೆದು ಹೋಗಿ. ಅಲ್ಲಿ ಮೊದಲು ಬಂದದ್ದು ಮನೆಗಳೋ, ಬಸ್ಸೋ? ಮಳೆಯ ನೀರು ಹರಿದು ಹೋಗಲು ದಾರಿ ಇದೆಯೇ? ಉತ್ತರಗಳನ್ನು ಬರೆದಿಟ್ಟುಕೊಂಡು ತರಗತಿಯಲ್ಲಿ ಚರ್ಚಿಸಿ. ಮುಂದೆ ಆ ಊರಿನಲ್ಲಿ ಬಾಳಬೇಕಾದವರು ನೀವೇ ಅಲ್ಲವೇ?