ನಾಳೆ ಓದುತ್ತೇನೆ



1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬುದು ಆಗಿನ ಮಾತು. ದೆವ್ವದ ವಿಷಯ ಹಾಗಿರಲಿ. ಇಂದು ನಾಗಸಂದ್ರ, ದಾಸರಹಳ್ಳಿ ಕಡೆಯ ಕಾಲೇಜು ಮಕ್ಕಳು ಅದೇ ಮಾತನ್ನು ತಮ್ಮ ರೆಕಾರ್ಡ್ ಪುಸ್ತಕಕ್ಕೆ ಹೇಳುತ್ತಿದ್ದಾರೆ. ಒಪ್ಪಿಸುವ ಹಿಂದಿನ ರಾತ್ರಿ ಮನೆಯಲ್ಲಿ ದೀಪ ಆರುವುದಿಲ್ಲ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದ ತಂದೆ ಅದನ್ನು ಕಂಡು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: “ಸೋಮಾರಿ.”

ಈ ತೀರ್ಪು ಸರಿಯೇ? ಸೋಮಾರಿಯನ್ನು ಉಳಿದ ಕೆಲಸ ಕಾಡುವುದಿಲ್ಲ. ಮುಂದೂಡುವವನಿಗಾದರೋ ಅದು ಊಟದಲ್ಲೂ ಮೊಬೈಲ್ ನೋಡುವಾಗಲೂ ಚುಚ್ಚುತ್ತಲೇ ಇರುತ್ತದೆ. ನಷ್ಟ ತನಗೇ ಎಂದು ತಿಳಿದೂ ತಡಮಾಡುವುದು ಇದರ ಲಕ್ಷಣ.

ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕರು 2007ರಲ್ಲಿ ಈ ಕುರಿತ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಂಬಲವೇ ತಡಕ್ಕೆ ಕಾರಣ ಎಂದು ನಾವು ಹೇಳಿಕೊಳ್ಳುವುದುಂಟಲ್ಲ, ಆ ನೆಪಕ್ಕೆ ಅಲ್ಲಿ ಹೆಚ್ಚು ಆಧಾರ ಸಿಗಲಿಲ್ಲ. ಕ್ಷಣದ ಆಸೆಗೆ ಮಣಿಯುವ ಸ್ವಭಾವ, ಕೆಲಸದ ಬಗ್ಗೆ ಬೇಸರ, ‘ನನ್ನಿಂದಾದೀತೇ’ ಎಂಬ ಅಳುಕು, ಇವುಗಳ ನಂಟೇ ಗಟ್ಟಿಯಾಗಿ ಕಂಡಿತು. ಫಲ ದೂರವಿದ್ದಷ್ಟೂ ಅದರ ಸೆಳೆತ ಕಡಿಮೆ. ಸೆಮಿಸ್ಟರ್ ಪರೀಕ್ಷೆ ನಾಲ್ಕು ತಿಂಗಳಾಚೆ, ಮೊಬೈಲಿನ ಸುಖ ಅಂಗೈಯಲ್ಲೇ! ಅದರ ಮೇಲೆ, ಅಣ್ಣ ಓದಿದನೆಂದು ತಮ್ಮನನ್ನೂ ಅದೇ ಕೋರ್ಸಿಗೆ ಸೇರಿಸಿದ್ದರೆ ಬೇಸರ ಮೊದಲ ದಿನವೇ ಆರಂಭ.

ಕೆನಡಾದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಮೊದಲ ಪರೀಕ್ಷೆಗೆ ಓದದೆ ತಡಮಾಡಿದವರಲ್ಲಿ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ತಡಮಾಡಿದರು. ಕ್ಷಮೆ ಸಡಿಲ ಬಿಡುತ್ತದೆ ಎಂದೇ ನಾವು ಹೆದರುತ್ತೇವೆ. ಆದರೆ ನಾಚಿಕೆಯಾದವನು ಪುಸ್ತಕದ ಮುಖವನ್ನೇ ನೋಡಲಾರ. ತಂದೆಯ ಆ ಒಂದು ಮಾತು ಮಗನನ್ನು ಮೇಜಿನಿಂದ ಇನ್ನಷ್ಟು ದೂರ ತಳ್ಳುತ್ತದೆ.

ಹತ್ತಿರದ ಗಡುವುಗಳೂ ನೆರವಾಗುತ್ತವೆ. ವಾರಕ್ಕೊಮ್ಮೆ ರೆಕಾರ್ಡ್ ಕೇಳುವ ಅಧ್ಯಾಪಕರನ್ನು ಶಪಿಸಬೇಡಿ. ಮೆಜೆಸ್ಟಿಕ್‌ಗೆ ಹೋಗುವ ಮೆಟ್ರೋದಲ್ಲಿ ನಾಲ್ಕು ಪುಟ ಓದಬಹುದು. 2015ರಿಂದ 2024ರ ನವೆಂಬರ್‌ವರೆಗೆ ನಾಗಸಂದ್ರವೇ ಕೊನೆಯ ನಿಲ್ದಾಣವಾಗಿತ್ತು, ಸೀಟು ಸಿಗುತ್ತಿತ್ತು. ಈಗ ರೈಲು ಮಾದಾವರದಿಂದ ಬರುವುದರಿಂದ ಮಕ್ಕಳಿಗೆ ಹೊಸ ನೆಪವೂ ಸಿಕ್ಕಿದೆ.

ಮನೆಯಲ್ಲಿ “ಮುಗಿಸಿದೆಯಾ?” ಎನ್ನುವ ಬದಲು “ಎಲ್ಲಿ ನಿಂತಿದೆ ಮಗಾ?” ಎಂದು ಕೇಳಿ ನೋಡೋಣ. “ಎರಡನೆಯ ಪ್ರಯೋಗ ಅರ್ಥವೇ ಆಗಿಲ್ಲ ಅಪ್ಪಾ” ಎಂಬ ಉತ್ತರ ಬರಬಹುದು.