ಬಾಲಿಗೆ ಹೋದ್ರೆ ಒಂದು ದಿನ ಬೆಟ್ಟಕ್ಕಿರಲಿ

ಬಾಲಿ ಅಂದ್ರೆ ಕೂಟಾ ಬೀಚು, ಸೂರ್ಯಾಸ್ತ, ರೀಲ್ಸು ಅಷ್ಟೇನಾ? ಒಂದು ದಿನ ಸಮುದ್ರಕ್ಕೆ ಬೆನ್ನು ಹಾಕಿ ಉತ್ತರದ ಬೆಟ್ಟ ಹತ್ತಿ ನೋಡಿ.

ಬೆದುಗುಲ್ ದಾಟಿ, ವನಗಿರಿಯಲ್ಲಿ ಮುಂಡುಕ್ ಕಡೆಗೆ ಎಡಕ್ಕೆ ತಿರುಗಿದರೆ ರಸ್ತೆ ಬೆಟ್ಟದ ಅಂಚಿನಲ್ಲೇ ಸಾಗುತ್ತದೆ. ಕೆಳಗೆ ಮೊದಲು ಬುಯಾನ್ ಸರೋವರ, ಆಮೇಲೆ ಕಾಡಿನ ಮಧ್ಯೆ ತಂಬ್ಲಿಂಗಾನ್. ಸುಮಾರು 1,200 ಮೀಟರ್ ಎತ್ತರದ ಈ ಸರೋವರದಲ್ಲಿ ಮೋಟರ್ ಬೋಟಿಗೆ ಅವಕಾಶವಿಲ್ಲ. ಮೀನುಗಾರರು ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗ್ತಾರೆ. ಸುತ್ತಲಿನ ಕಾಡು, ನೀರು ಎರಡೂ ಊರವರಿಗೆ ಪವಿತ್ರ. ಕೆಳಗಿನ ಗದ್ದೆಗಳಿಗೆ ನೀರು ಕೊಡೋದು ಈ ಬೆಟ್ಟವೇ ಅನ್ನೋದು ಅವರ ನಂಬಿಕೆ. ಇಲ್ಲಿನ ನಿಶ್ಶಬ್ದ ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡದ್ದು.

ನಮ್ಮಂತೆಯೇ ಅಲ್ಲೂ ರಸ್ತೆಯ ಎಡಬದಿ. ಆದರೆ ಕಡಿದಾದ ತಿರುವುಗಳು, ಮಧ್ಯಾಹ್ನವಾದರೆ ಮಂಜು. ಬೆಳಗ್ಗೆ ಬೇಗ ಹೊರಡಿ. ಸ್ಕೂಟರ್ ಓಡಿಸೋದಾದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನಲ್ಲಿ ದ್ವಿಚಕ್ರ ವಾಹನವೂ ಸೇರಿದೆಯಾ ಅಂತ ನೋಡ್ಕೊಳ್ಳಿ. ಬೆಟ್ಟದ ರಸ್ತೆ ಅಭ್ಯಾಸವಿಲ್ಲದಿದ್ರೆ ಡ್ರೈವರ್ ಸಮೇತ ಕಾರು ವಾಸಿ.

ಗಾಳ ಹಾಕುವ ಆಸೆಯಾದರೆ ಮೊದಲು ಊರವರನ್ನು ಕೇಳಿ. ನಮಗದು ಪಿಕ್ನಿಕ್, ಅವರಿಗೆ ಅನ್ನ.