ಬಿದ್ದುಹೋದ ‘ಹ’ ಹುಡುಕುತ್ತಾ

ಕಳೆದ ವರ್ಷ ಬೆಂಗಳೂರಿನ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಯಾವ ಊರು ಎಂದು ಕೇಳಿದರು. ‘ಆಸನ ಡಿಸ್ಟ್ರಿಕ್ಟ್ ಸರ್, ಅರಸೀಕೆರೆ ಹತ್ರ’ ಅಂದೆ. ‘ಯಾವ ಆಸನ? ಕೂರೋದಾ?’ ಎಂದರು ಒಬ್ಬರು. ಉಳಿದವರು ನಕ್ಕರು. ಆಮೇಲೆ ಗೊತ್ತಿದ್ದ ಉತ್ತರವೂ ಬಾಯಿಗೆ ಬರಲಿಲ್ಲ. ಎಲ್ಲಿ ಇನ್ನೊಂದು ‘ಹ’ ಬಿದ್ದುಹೋಗುತ್ತದೋ ಎಂಬ ಭಯ.

ಕೆಲಸ ಸಿಗಲಿಲ್ಲ. ಊರಿಗೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂತೆ. ಇಂಗ್ಲಿಷ್ ಪದಗಳನ್ನು ಉರು ಹೊಡೆಯುವ ಬದಲು ಬೇರು ಹಿಡಿದು ಕಲಿಯತೊಡಗಿದೆ. ಲ್ಯಾಟಿನ್‌ನಲ್ಲಿ ‘ಸಾಲ್’ ಎಂದರೆ ಉಪ್ಪು, ‘ಸಲೀರೆ’ ಎಂದರೆ ನೆಗೆಯುವುದು. ಸ್ಯಾಲರಿ, ಸಲಾಡ್, ಸಾಸ್ ಉಪ್ಪಿನಿಂದ ಬಂದವು. (ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು ಎಂಬ ಕಥೆಗೆ ಮಾತ್ರ ಆ ಕಾಲದ ಗಟ್ಟಿ ಪುರಾವೆ ಇಲ್ಲ.) ಅಸಾಲ್ಟ್, ರಿಸಲ್ಟ್, ಇನ್ಸಲ್ಟ್ ನೆಗೆತದಿಂದ ಬಂದವು. ಇನ್ಸಲ್ಟ್ ಎಂದರೆ ಮೂಲದಲ್ಲಿ ಮೈಮೇಲೆ ಎಗರಿ ಬೀಳುವುದು. ಸಂದರ್ಶನ ನೆನಪಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಹಳೆಯ ಇಂಗ್ಲಿಷ್. ಅದರಲ್ಲಿ ಉಪ್ಪಿಗೆ ‘ಸೆಆಲ್ಟ್’, ನೆಗೆಯುವುದಕ್ಕೆ ‘ಹ್ಲೆಆಪನ್’. ಮೊದಲನೆಯದು ಸಾಲ್ಟ್ ಆಯಿತು. ಎರಡನೆಯದು ಲೀಪ್. ಅದರ ‘ಹ’ ಎಲ್ಲಿ? ಬಿದ್ದುಹೋಗಿದೆ! ಲೋಫ್, ರಿಂಗ್, ನಟ್ ಪದಗಳ ಮುಂದೆಯೂ ಒಂದು ಕಾಲದಲ್ಲಿ ‘ಹ’ ಇತ್ತಂತೆ. ಈಗ ಅದನ್ನು ಸೇರಿಸಿ ಹೇಳಿದರೇ ಜನ ನಗುತ್ತಾರೆ.

ಹಾಗಾದರೆ ಕನ್ನಡದ ಉಪ್ಪು, ನೆಗೆತ? ಹಳಗನ್ನಡದಲ್ಲಿ ‘ಪಾಯ್’ ಎಂದರೆ ನೆಗೆ, ಮುನ್ನುಗ್ಗು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಅದು ‘ಹಾಯ್’ ಆಯಿತು. ಎತ್ತು ಹಾಯುತ್ತದೆ, ಜಾತ್ರೆಯಲ್ಲಿ ಕೊಂಡ ಹಾಯುತ್ತಾರೆ. ನಮ್ಮಜ್ಜಿ ಬಾಯಲ್ಲಿ ಅದು ‘ಕೊಂಡ ಆಯೋದು’. ಪಾಯ್, ಹಾಯ್, ಆಯ್. ಉಪ್ಪಿನ ‘ಪ’ ಮಾತ್ರ ಉಳಿಯಿತು, ಒತ್ತು ಇತ್ತಲ್ಲ. ತುಪ್ಪ, ಸೊಪ್ಪು, ಅಪ್ಪ ಎಲ್ಲವೂ ಹಾಗೇ ಬಚಾವಾದವು.

ಈ ಬದಲಾವಣೆ ಹತ್ತನೇ ಶತಮಾನದ ಆಸುಪಾಸಿನಲ್ಲಿ ಶುರುವಾಗಿ ಹೊಯ್ಸಳರ ಕಾಲದಲ್ಲಿ ಹಬ್ಬಿತು. ಅವರ ಹೆಸರೇ ಶಾಸನಗಳಲ್ಲಿ ಪೊಯ್ಸಳ ಎಂದೂ ಇದೆ, ಹೊಯ್ಸಳ ಎಂದೂ ಇದೆ. ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದಲ್ಲಿ, ಮೇಲೆರಗುವ ಮೃಗವನ್ನು ಸಳ ಇರಿಯುವ ಶಿಲ್ಪ ನೋಡಿದ್ದೀರಲ್ಲ? ‘ಹೊಯ್ ಸಳ’ ಎಂದು ಗುರುಗಳು ಕೂಗಿದರು ಎನ್ನುತ್ತದೆ ಐತಿಹ್ಯ. ನಡೆದಿದ್ದೇ ಆದರೆ ಅವರು ‘ಪೊಯ್’ ಎಂದೇ ಕೂಗಿರಬೇಕು. ಹಳೇಬೀಡಿನ ‘ಹಳೆ’ಗೂ ಮೊದಲು ‘ಪ’ವೇ ಇತ್ತು. ‘ಪ’ ಬಿಟ್ಟು ‘ಹ’ ಎಂದವರನ್ನು ನೋಡಿ ಆಗಿನ ಪಂಡಿತರು ನಕ್ಕಿರಲಿಕ್ಕಿಲ್ಲವೇ?

ಮೊನ್ನೆ ಅರಸೀಕೆರೆಯಿಂದ ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ‘ಅಳೇಬೀಡು ಯಾರ್ರೀ, ಅಳೇಬೀಡು’ ಎಂದು ಕಂಡಕ್ಟರ್ ಕೂಗಿದರು. ಇಳಿಯಬೇಕಾದವರೆಲ್ಲ ಇಳಿದರು.

ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ. ‘ಹಾಸನ’ ಎಂದು ಅಭ್ಯಾಸ ಮಾಡುತ್ತಿದ್ದೇನೆ, ಹೊಟ್ಟೆಪಾಡು. ಅಜ್ಜಿಗೆ ಈ ಪಾಯ್–ಹಾಯ್ ಕಥೆಯನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಆಗ್ಲಿ ಕಣ್ಲಾ, ಸಾರಿಗೆ ಉಪ್ಪು ಸರಿಯಾಗೈತಾ ನೋಡು’ ಅಂದಳು.